ಬಾಳೆದಿಂಡಿನ ಅಪ್ಪ

ಹರಿಹರ
ನವೆಂಬರ್ ೧೪, ೨೦೨೪

ಮಗಳೇ ರಶ್ಮಿತಾ,

ನಿನ್ನ ಅವ್ವನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ಈ ಮನೆಯಲ್ಲಿ ಯಾರು ಕ್ಷೇಮ, ಯಾರು ಅಲ್ಲ ಎಂಬುದು ನಿನಗೂ ಗೊತ್ತಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ದಾವಣಗೆರೆಯ ಪಿ.ಜೆ. ಬಡಾವಣೆಯ ನಿನ್ನ ರೂಮಿನಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಅಷ್ಟು ದೂರಕ್ಕೆ ಮಗಳಿಗೆ ಪತ್ರ ಬರೆಯುವ ಅವ್ವ ಇಡೀ ಜಿಲ್ಲೆಗೆ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀನು ಬರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪನ ಮಂಚ ಪಡಸಾಲೆಯಲ್ಲೇ ಇದೆ, ನಾನು ಆಡುವ ಮಾತೆಲ್ಲ ಅವರ ಕಿವಿಗೆ ಬೀಳುತ್ತದೆ. ಅವರಿಗೆ ಏನೂ ತಿಳಿಯುವುದಿಲ್ಲ ಎನ್ನುತ್ತಾರೆ ಡಾಕ್ಟರು. ಡಾಕ್ಟರ ಮಾತು ನಂಬಿ ನಾವು ಒಮ್ಮೆ ನಗೆಪಾಟಲಾಗಿದ್ದು ಸಾಲದೇ?

ನಿನ್ನ ಸಿನಿಮಾ ನೋಡಿದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಫೋನಿಗೆ ಬಿಟ್ಟ ಮೇಲೆ ನನ್ನ ತನಕ ಬರಲೇಬೇಕು. ಮೊದಲು ನಿನ್ನ ಕಾಕ ಕೊಟ್ಟೂರೇಶನಿಗೆ ಯಾರೋ ಕಳಿಸಿದರು. "ನೋಡ್ರಿ ಅತ್ತಿಗಿ, ನಿಮ್ ಮಗಳು ನಮ್ಮಣ್ಣನ್ನ ದೆವ್ವ ಮಾಡಿ ಕಾರ್ಟೂನ್ ತೆಗದಾಳೆ. ಊರೆಲ್ಲ ನಗ್ತಾ ಐತೆ" ಎಂದು ಕುದ್ದು ಹೋದ. ನನಗೆ ತೋರಿಸಲಿಲ್ಲ. ತೋರಿಸಿದವಳು ಪಕ್ಕದ ಮನೆಯ ಹಜೀರಾಬೀ. ಅಡುಗೆಮನೆಯಲ್ಲಿ ಇಬ್ಬರೂ ಕೂತು, ದನಿ ಸಣ್ಣದು ಮಾಡಿಕೊಂಡು, ಏಳು ನಿಮಿಷವೂ ನೋಡಿದೆವು. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು.

ನನಗೂ ನಗು ಬಂತು ಕಣೇ. ನನ್ನ ಮೂಗನ್ನು ಅಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ, ಆದರೆ ಸೆರಗಿನ ಪಿನ್ನನ್ನು ಮರೆಯದೆ ಹಾಕಿದ್ದೀಯ. ಕೆಲವು ಕಡೆ ತಪ್ಪು ಮಾಡಿದ್ದೀಯ, ಅದನ್ನು ಹೇಳುತ್ತೇನೆ. ಅಪ್ಪನನ್ನು ಮನೆಗೆ ತಂದ ದಿನ ಕಾಗದಪತ್ರಕ್ಕೆಂದು ನೀನು ಆಸ್ಪತ್ರೆಯಲ್ಲೇ ಉಳಿದಿದ್ದೆ. ಕಂಡವರ ಬಾಯಿಂದ ಕೇಳಿ ಚಿತ್ರ ಬರೆದರೆ ಹೀಗೇ ಆಗುತ್ತದೆ.

ನಿನ್ನ ಸಿನಿಮಾದಲ್ಲಿ ಅಪ್ಪ ಹೆಣವಾಗಿಯೇ ಮನೆಗೆ ಬರುತ್ತಾರೆ. ಹಾಗಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಲ್ಲೇ ಒರಗಿದವರನ್ನು ಆಸ್ಪತ್ರೆಗೆ ಸೇರಿಸಿ, ಕೊನೆಗೆ ಡಾಕ್ಟರು ಯಂತ್ರ ತೆಗೆದು, "ಇನ್ನು ಹೆಚ್ಚಂದರೆ ಒಂದು ತಾಸು, ಮನೆಗೆ ಕರ್ಕಂಡು ಹೋಗ್ರಿ" ಎಂದು ಕಳಿಸಿದರು. ಹರಿಹರ ಮುಟ್ಟಿದಾಗ ಉಸಿರು ಇದೆಯೋ ಇಲ್ಲವೋ ಎನ್ನುವಷ್ಟಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂಡಿಸಿ ಮಾಡುತ್ತೇವೆ. ಮೈ ಸೆಟೆದರೆ ಕಾಲು ಮಡಚಲು ಬರುವುದಿಲ್ಲ ಎಂಬುದು ಕೊಟ್ಟೂರೇಶನ ಆತುರ. "ಇನ್ನೇನ್ ಹೋದಂಗೆ ಅಲ್ವೇನ್ರಿ, ಈಗ್ಲೇ ಕೂಡ್ರಿಸಿಬಿಡಾಣ" ಎಂದು ಕಾಲು ಮಡಚಿ, ಗೋಡೆಗೆ ಒರಗಿಸಿ, ಎದೆಗೆ ಬಿಳಿ ಪಂಚೆ ಬಿಗಿದು ಕಿಟಕಿಯ ಸರಳಿಗೆ ಕಟ್ಟಿದ. ವಿಭೂತಿ ಬಳಿದೆವು, ಹಾರ ಹಾಕಿದೆವು. ನಾನು ಅಳುವುದಕ್ಕೂ ಶುರುಮಾಡಿದ್ದೆ.

ಭಜನೆಯವರು ಎರಡನೇ ಪದ ಎತ್ತಿಕೊಂಡಿದ್ದರು. ನಿನ್ನ ಅಪ್ಪ ಕೆಮ್ಮಿದರು. ನೆಟ್ಟಗೆ ಕೂಡಿಸಿದ್ದಕ್ಕೆ ಗಂಟಲಲ್ಲಿ ಕಟ್ಟಿದ್ದ ಕಫ ಕಿತ್ತು ಬಂತು, ಉಸಿರು ಆಡಿತು, ಕಣ್ಣು ಬಿಟ್ಟರು. ಹಾರ್ಮೋನಿಯಂ ಪೇಟಿ ಬಾರಿಸುವವನು ಬಿಟ್ಟೋಡಿದ. ಪೇಟಿಯ ಒಂದು ಕೀ ಸಿಕ್ಕಿಕೊಂಡು ಗಾಳಿ ಮುಗಿಯುವ ತನಕ ಒಂದೇ ಸಮ ಕೂಗುತ್ತಿತ್ತು. ಹಾರ ಹಿಡಿದು ಬಂದ ನೆಂಟರು ಬಾಗಿಲಲ್ಲೇ ನಿಂತರು. ಹಾರವನ್ನು ಏನು ಮಾಡುವುದು ಎಂದು ತೋಚದೆ ಒಬ್ಬರು ಕ್ಯಾಲೆಂಡರಿನ ದೇವರಿಗೆ ಹಾಕಿ ಹೋದರು. ಇದನ್ನೆಲ್ಲ ನೀನು ಬಿಟ್ಟುಬಿಟ್ಟಿದ್ದೀಯ. ನಿನ್ನ ಸಿನಿಮಾಕ್ಕಿಂತ ನಮ್ಮ ಮನೆಯೇ ಹೆಚ್ಚು ನಗಿಸುತ್ತದೆ.

ಸಾರಥಿ ಊರಿನ ನಮ್ಮ ಹೊಲದಲ್ಲಿ ಅಷ್ಟರೊಳಗೆ ಗುಂಡಿ ತೋಡಿ ಆಗಿತ್ತು. ತೋಡಿದ ಗುಂಡಿ ಬರಿದಾಗಿ ಇರಬಾರದು, ಇದ್ದರೆ ಇನ್ಯಾರನ್ನಾದರೂ ಕೇಳುತ್ತದೆ ಎಂದು ಓಣಿಯ ಹಿರಿಯಳು ಉಡಚಮ್ಮಜ್ಜಿ ಹಟ ಹಿಡಿದಳು. ನಿನ್ನ ಅಪ್ಪ ಕೂತಷ್ಟು ಎತ್ತರದ ಬಾಳೆದಿಂಡು ಕಡಿದು, ಅವರ ನೀಲಿ ಚೌಕಡಿಯ ಟೆರಿಲಿನ್ ಅಂಗಿ ತೊಡಿಸಿ, ಕೂಡಿಸಿದಂತೆ ಇಟ್ಟು ಮಣ್ಣು ಎಳೆದರು. ದಿಂಡಿಗೆ ಎಲ್ಲ ಮರ್ಯಾದೆಯೂ ಆಯಿತು. ನಾನು ಇಲ್ಲಿ ಬದುಕಿದ ಗಂಡನ ಹಣೆಯ ವಿಭೂತಿ ಒರೆಸುತ್ತ ಕೂತಿದ್ದೆ.

ಆ ದಿಂಡನ್ನು ನೀನು ದಿಂಡಪ್ಪ ಮಾಡಿ ಎಬ್ಬಿಸಿದೆ! ಕೂತವನು ಕೂತ ಹಾಗೇ ಹೊಲದಿಂದ ತೆವಳುತ್ತ ಬರುವುದು, ಬಸ್ಸಿನ ಕಂಡಕ್ಟರು ಎತ್ತರ ನೋಡಿ ಅರ್ಧ ಟಿಕೆಟ್ ಹರಿಯುವುದು, ನಾನು ಬಾಗಿಲು ತೆಗೆದಾಗ ಅವನು, "ಮಣ್ ಕೊಟ್ಟಿದ್ದು ನನಗೆ, ಹೂ ಹಾಕಿದ್ದು ನನಗೆ. ಸತ್ತಾವ ನಾನು. ಹಂಗಾರೆ ಮಂಚದ ಮ್ಯಾಲೆ ಇರಾನು ಯಾರು?" ಎಂದು ಕೇಳುವುದು. ಆ ಮಾತಿಗೆ ನಗುತ್ತಿದ್ದವಳು ಎದ್ದು ಪಡಸಾಲೆಗೆ ಇಣುಕಿ ಬಂದೆ. ಸಿನಿಮಾದ ನಾನು ಅವನನ್ನೂ ಮಂಚದ ಪಕ್ಕ ಕೂಡಿಸಿಕೊಂಡು ಇಬ್ಬರಿಗೂ ಗಂಜಿ ಹಾಕುತ್ತೇನೆ. ದಿಂಡಪ್ಪ ಕೊಳೆಯುತ್ತಾನೆ, ನೊಣ ಮುತ್ತುತ್ತವೆ, ತಲೆಯ ಮೇಲೆ ಎಲೆ ಚಿಗುರುತ್ತದೆ, ಆ ಎಲೆ ಕೊಯ್ದು ಬಂದವರಿಗೆ ಊಟ ಬಡಿಸುತ್ತೇನೆ. ಕಡೆಗೆ ಬರಿದಾದ ಗುಂಡಿ ನನ್ನನ್ನು ಕರೆಯುತ್ತದೆ. ಹೋಗಿ ಅದರಲ್ಲಿ ಕೂತು, ದುಪ್ಪಟಿ ಎಳೆದುಕೊಂಡಂತೆ ಮಣ್ಣು ಎಳೆದುಕೊಳ್ಳುತ್ತೇನೆ. ಮನೆಯಲ್ಲಿ ಅವರಿಬ್ಬರೂ ಊಟಕ್ಕೆ ಕಾಯುತ್ತ ಕೂತಿರುತ್ತಾರೆ.

ಆ ಕೊನೆ ಸರಿಯಿಲ್ಲ. ನಾನು ಗುಂಡಿಗೆ ಹೋಗಿ ಕೂರುವ ಪೈಕಿ ಅಲ್ಲ. ನನಗೆ ಅಷ್ಟು ಪುರುಸೊತ್ತೂ ಇಲ್ಲ. ಬೆಳಿಗ್ಗೆಯ ಗಂಜಿ, ಮಧ್ಯಾಹ್ನದ ಹಾಲು, ಮೂಗಿನ ನಳಿಕೆ ತೊಳೆಯುವುದು, ಹುಣ್ಣಿಗೆ ಮುಲಾಮು, ಮಗ್ಗಲು ತಿರುಗಿಸುವುದು. ಇದರ ನಡುವೆ ಬರುವ ಭಕ್ತರು ಬೇರೆ. ಹೌದು, ಈಗ ಭಕ್ತರಿದ್ದಾರೆ. "ಸಾವು ಗೆದ್ದವರು" ಎಂದು ಕಾಲು ಮುಟ್ಟಿ ಹೋಗುತ್ತಾರೆ. ಹೋದ ವಾರ ಒಬ್ಬ ಹೊಸ ಅಂಗಡಿಯ ಬೀಗದ ಕೈಯನ್ನು ತಂದು ಅವರ ಅಂಗೈಯಲ್ಲಿ ಇಟ್ಟು ತೆಗೆದುಕೊಂಡ. ಅಣ್ಣ ಉಳಿದದ್ದು ತಾನು ಕೂಡಿಸಿದ್ದರಿಂದ ಎಂದು ಕೊಟ್ಟೂರೇಶ ಬಂದವರಿಗೆಲ್ಲ ಹೇಳುತ್ತಾನೆ. ಸುಳ್ಳೂ ಅಲ್ಲ. ಅಣ್ಣನ ಮೇಲೆ ಅವನಿಗೆ ಪ್ರೀತಿ ಇದೆ, ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದು ಹೋದೀತು.

ಆದರೆ ರಶ್ಮಿತಾ, ಅಂದು ಕಟ್ಟಿದ ಪಂಚೆಯನ್ನು ಇಂದಿನವರೆಗೆ ಬಿಚ್ಚಿಲ್ಲ. ಒಗೆಯಲು ಬಿಚ್ಚುತ್ತೇನೆ, ಮತ್ತೆ ಕಟ್ಟುತ್ತೇನೆ. ಮಲಗಿಸಿದರೆ ಕಫ ತುಂಬುತ್ತದೆ, ಆದ್ದರಿಂದ ಹಗಲೂ ರಾತ್ರಿ ದಿಂಬು ಕೊಟ್ಟು ಒರಗಿಸಿ ಕಟ್ಟಿಯೇ ಇಡಬೇಕು. ಮೂವತ್ತು ವರ್ಷ ಗಾದಿಯ ಮೇಲೆ ಕೂತು ಬೆನ್ನು ಸವೆಸಿಕೊಂಡ ಮನುಷ್ಯ. ಅಂಗಡಿಯಿಂದ ಬಂದವರೇ ಪಡಸಾಲೆಯ ಬರಿ ನೆಲದ ಮೇಲೆ ಅಂಗಾತ ಬಿದ್ದು, "ಉಸ್ಸಪ್ಪಾ, ಬೆನ್ನಿಗೆ ನೆಲ ಸಿಕ್ತು ನೋಡು" ಎನ್ನುತ್ತಿದ್ದುದು ನಿನಗೆ ನೆನಪಿದೆಯಲ್ಲ, ನೀನು ಅವರ ಹೊಟ್ಟೆಯ ಮೇಲೆ ಹತ್ತಿ ಕೂರುತ್ತಿದ್ದೆ. ಆ ಬೆನ್ನಿಗೆ ಹದಿನೈದು ತಿಂಗಳಿಂದ ನೆಲ ಸಿಕ್ಕಿಲ್ಲ.

ಯುಗಾದಿಗೆ ಬಂದಾಗ ನೀನು, "ಅಪ್ಪನ್ನ ಹಿಂಗ ಕಟ್ಟಿ ಕೂಡ್ರಿಸಬ್ಯಾಡವ್ವ, ಬಿಟ್ಟುಬಿಡು" ಅಂದೆ. ನಾನು ನಿನ್ನನ್ನು ಹೊಸಿಲು ದಾಟಿಸಿ ಕಳಿಸಿದೆ. ಗಂಡನನ್ನು ಕೊಲ್ಲು ಎಂದು ಹೆತ್ತ ಮಗಳೇ ಹೇಳಿದಳಲ್ಲ ಎಂದು ನನಗೆ ಬೆಂಕಿಯೇ ಬಿದ್ದಿತ್ತು. ಬೈದದ್ದಕ್ಕೆ ಈಗಲೂ ನಾನು ಕ್ಷಮೆ ಕೇಳುವುದಿಲ್ಲ. ಅವ್ವನಿಗೆ ಅಷ್ಟೂ ಹಕ್ಕಿಲ್ಲವೇ?

ಹೋದ ವಾರ ದಿಂಬು ಬದಲಿಸುವಾಗ ಅವರನ್ನು ಚಾಪೆಯ ಮೇಲೆ ಇಳಿಸಿ ಅಂಗಾತ ಮಲಗಿಸಿದೆ. ಈಗ ಅವರು ಎಷ್ಟು ಹಗುರ ಎಂದರೆ ನಾನೊಬ್ಬಳೇ ಸಾಕು. ಬೆನ್ನು ನೆಲಕ್ಕೆ ಮುಟ್ಟಿತು. ಮುಖ ಸಡಿಲವಾಯಿತು. ಬಾಯಿಂದ ಉಸ್ ಎಂದು ಗಾಳಿ ಹೊರಟಿತು. ಗಾಳಿ ಮಾತ್ರ ಇದ್ದೀತು, ನಾನೇ ಅದನ್ನು ಮಾತು ಅಂದುಕೊಂಡಿರಬಹುದು. ಸ್ವಲ್ಪ ಹೊತ್ತಿಗೆ ಗಂಟಲು ಗೊರಗುಟ್ಟಲು ಶುರುವಾಯಿತು, ಹೆದರಿ ಎತ್ತಿ ಕೂಡಿಸಿ ಬೆನ್ನು ತಟ್ಟಿದೆ. ಉಸಿರು ಸರಿಯಾಯಿತು. ಅವರ ಮುಖ ಮತ್ತೆ ಬಿಗಿಯಿತು.

ಡಾಕ್ಟರಿಗೆ ಫೋನು ಮಾಡಿ, ಎತ್ತದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. "ಎತ್ತೋದು ಒಳ್ಳೇದಮ್ಮ, ಆದ್ರೆ ಎಷ್ಟು ದಿನ ಅಂತ ನಾನು ಹೇಳಕ್ಕಾಗಲ್ಲ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅದಕ್ಕೇ ಈ ಪತ್ರ. ಇನ್ನೊಮ್ಮೆ ಹಾಗಾದಾಗ ನಾನು ಎತ್ತದೇ ಹೋದರೆ, ನೀನು ನನ್ನನ್ನು ಏನೆಂದು ಕರೆಯುತ್ತೀಯ? ಬಿಟ್ಟುಬಿಡು ಎಂದು ಹೇಳುವುದು ಬೇರೆ, ಬಿಟ್ಟವಳ ಕೈಯ ಅನ್ನ ಉಣ್ಣುವುದು ಬೇರೆ. ಯೋಚನೆ ಮಾಡಿ ಉತ್ತರ ಬರೆ. ಫೋನು ಬೇಡ.

ಇತಿ, ಉದ್ದ ಮೂಗಿನ ನಿನ್ನ ಅವ್ವ,
ಸರ್ವಮಂಗಳಮ್ಮ

ತಾ.ಕ.
ನವೆಂಬರ್ ೨೩. ಈ ಪತ್ರವನ್ನು ಅಂಚೆಗೆ ಹಾಕಿರಲಿಲ್ಲ. ಉತ್ತರ ಏನು ಬಂದೀತೋ ಎಂಬ ಭಯದಲ್ಲಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೆ. ಈಗ ನೀನು ಅಪ್ಪನ ಮಣ್ಣಿಗೆ ಬಂದು, ಹಾಲು ತುಪ್ಪ ಬಿಟ್ಟು, ಇವತ್ತು ಬೆಳಿಗ್ಗೆ ಬಸ್ಸು ಹತ್ತಿದ್ದೂ ಆಯಿತು.

ಸಾರಥಿಯಲ್ಲಿ ಎಲ್ಲರ ಎದುರಿಗೆ ಕೊಟ್ಟೂರೇಶ, "ಪಕ್ಕದಾಗೇ ಇದ್ದು ಎತ್ತಿ ಕೂಡ್ರಿಸ್ಲಿಲ್ಲ ಅಂದ್ರೆ ಹೆಂಗ್ರಿ ಅತ್ತಿಗಿ?" ಎಂದು ಅಳುತ್ತ ಕೇಳಿದಾಗ, ಜೋಂಪು ಹತ್ತಿತ್ತು, ಗೊತ್ತಾಗಲಿಲ್ಲ ಎಂದೆ. ನೀನು ನನ್ನನ್ನು ಅಪ್ಪಿಕೊಂಡು, "ಬೈಬ್ಯಾಡ ಕಾಕ, ಅವ್ವ ನಿದ್ದಿ ಮಾಡಿ ಎಷ್ಟ್ ದಿನ ಆಗೈತೆ ಗೊತ್ತೇನು ನಿನಗೆ" ಅಂದೆ. ನಿನ್ನ ಆ ಕರುಣೆ ನನಗೆ ದಕ್ಕುವುದಿಲ್ಲ. ವಾಪಸ್ ಕೊಡುತ್ತಿದ್ದೇನೆ.

ನನ್ನ ಕಣ್ಣು ಮುಚ್ಚಿರಲಿಲ್ಲ. ಆ ದಿನ ಬೆಳಿಗ್ಗೆ ಕೊಟ್ಟೂರೇಶ ಅಂಗಡಿಗೆ ಹೋದ ಮೇಲೆ ಪಂಚೆ ಬಿಚ್ಚಿ ಚಾಪೆಯ ಮೇಲೆ ಮಲಗಿಸಿದೆ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಗಂಟಲು ಗೊರಗುಟ್ಟಿತು. ಎದೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಎತ್ತಲಿಲ್ಲ. ಬಹಳ ಹೊತ್ತು ಹಿಡಿಯಿತು. ಬೇಗ ಆಯಿತು ಎಂದು ನಿನಗೆ ಹೇಳಿದ್ದೂ ಸುಳ್ಳು. ಮಧ್ಯಾಹ್ನ ಹಜೀರಾಬೀ ಬಂದಳು. "ಇವತ್ತು ಮಲಗ್ಯಾರೆ, ಎಬ್ಬಿಸಬ್ಯಾಡ" ಅಂದೆ. ಅವಳು ನನ್ನ ಮುಖ ನೋಡಿ, ತಂದಿದ್ದ ಪಾತ್ರೆ ಅಲ್ಲೇ ಇಟ್ಟು, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದಳು.

ದೀಪ ಹಚ್ಚುವ ಹೊತ್ತಿಗೆ ಕೊಟ್ಟೂರೇಶ ಬರುವ ತನಕ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬಂದು ಕಾಲು ಮಡಚುತ್ತಿದ್ದರು. ಮೈ ಸೆಟೆಯಲಿ ಎಂದೇ ಕಾದೆ. ಆಮೇಲೆ ಬಂದವರೆಲ್ಲ ಎಷ್ಟು ಒದ್ದಾಡಿದರೂ ಕಾಲು ಬಗ್ಗಲಿಲ್ಲ, ನೀನೇ ನೋಡಿದೆಯಲ್ಲ. ಮಣ್ಣಿನ ಕಾರ್ಯ ಮಾಡಿಸಲು ಬಂದ ಅಯ್ಯನವರು, "ಮಲಗಿದ್ರೂ ಶಿವ ಗುರ್ತು ಹಿಡಿತಾನೆ, ಗುಂಡಿ ಉದ್ದ ಮಾಡ್ರಿ" ಎಂದರು. ನಮ್ಮ ಹೊಲದಲ್ಲಿ ಅತ್ತೆ, ಮಾವ, ಅವರ ಹಿಂದಿನವರು ಎಲ್ಲರೂ ಕೂತಿದ್ದಾರೆ. ನಡುವೆ ನಿನ್ನ ಅಪ್ಪ ಒಬ್ಬರೇ ಬೆನ್ನಿಗೆ ನೆಲ ಕೊಟ್ಟು ಮಲಗಿದ್ದಾರೆ.

ಹಳೆಯ ಗುಂಡಿಯನ್ನೇ ಉದ್ದ ಮಾಡುವಾಗ ದಿಂಡು ಪೂರ್ತಿ ಮಣ್ಣಾಗಿತ್ತು, ಅಂಗಿ ಮಾತ್ರ ಹಾಗೇ ಇತ್ತು. ತಂದು ಒಗೆದು ತಂತಿಗೆ ಹಾಕಿದ್ದೇನೆ. ಇಷ್ಟು ಓದಿದ ಮೇಲೂ ಅವ್ವಾ ಎನ್ನಲು ಬಾಯಿ ಬಂದರೆ, ಬಂದು ತೆಗೆದುಕೊಂಡು ಹೋಗು. ಒಣಗಿದೆ. ಮಡಚಲು ನನಗೆ ಕೈ ಬರುತ್ತಿಲ್ಲ.