ತಗಡಿನ ಕೋಟೆ

ಕೊಟ್ಟೂರೇಶ,

ನೀನು ತೀರಿಕೊಂಡು ಎರಡು ತಿಂಗಳಾದ ಮೇಲೆ, ಇವತ್ತು ಮಧ್ಯಾಹ್ನ ಹರಿಹರದ ನಿಮ್ಮ ಮನೆಗೆ ಹೋಗಿದ್ದೆ. ನಮ್ಮ ಆಟಕ್ಕೆಂದು ನೀನು ಕಟ್ಟುತ್ತಿದ್ದ ಕೋಟೆಯನ್ನು ನಿಮ್ಮವ್ವ ಮಂಚದ ಕೆಳಗಿಂದ ಹೊರಗೆಳೆದರು. ಎಣ್ಣೆ ಡಬ್ಬದ ತಗಡಿನ ಗೋಡೆ, ಮುರಿದ ಛತ್ರಿಯ ಕಡ್ಡಿಗಳ ಬಾಗಿಲು, ಮುಚ್ಚಿಹೋದ ಮಿಲ್ಲಿನ ನೂಲು ಸುತ್ತುವ ಬಾಬಿನ್‌ಗಳ ಬುರುಜು. ಎಲ್ಲವೂ ನಮ್ಮ ದಾವಣಗೆರೆಯ ಮಂಡಿಪೇಟೆಯ ಗುಜರಿಯಲ್ಲಿ ನಾವಿಬ್ಬರೂ ಆರಿಸಿ ತಂದಿದ್ದವು.

"ಹಾಸಿಗ್ಯಾಗೆ ಕುಂತೇ ಮುಗಿಸಿದ. 'ಮಾಲತೇಶ ಬರ್ಲಿ, ಶುರು ಮಾಡ್ತೀವಿ' ಅಂತಿದ್ದ ನೋಡಪ್ಪ," ಎಂದರು.

ಆಗ ಊರಲ್ಲಿರಲಿಲ್ಲ ಎಂದೆ. ಅವರು ನಂಬಿದರು.

ಆಟ ಹೇಗೆಂದು ಕೇಳಿದರು. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗುತ್ತಾರೆ, ಮುಂದೇನಾಗುತ್ತದೆಂದು ದಾಳ ಹಾಕಿ ನೋಡುತ್ತಾರೆ ಎಂದೆ.

"ಎಷ್ಟು ಜನ ಬೇಕು?"

"ಇಬ್ರಾದ್ರೂ ಸಾಕು, ಅವ್ವಾ."

ಅವರು ಸೆರಗು ಸರಿಮಾಡಿಕೊಂಡು ಕೋಟೆಯ ಆಚೆ ಬದಿ ಚಾಪೆಯ ಮೇಲೆ ಕುಳಿತರು.

"ಹಂಗಾರೆ ಹೇಳಪ್ಪ. ನಾನು ಯಾರಾಗ್ಲಿ?"

ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ದಾವಣಗೆರೆಗೆ ಐದು ನಿಮಿಷಕ್ಕೊಂದು ಬಸ್ಸಿರುವುದು ಅವರಿಗೂ ಗೊತ್ತು.