ಇವರ ಹೆಸರು ಕೂಗಿದ ದಿನ

ಹೊಳೆನರಸೀಪುರ
ತಾ. ೨೧-೩-೧೯೩೯

ತಾಯಿಗೆ ಸಮಾನಳಾದ ನೀಲಗಂಗಕ್ಕನಿಗೆ ತಂಗಿ ಸುವರ್ಣ ಮಾಡುವ ನಮಸ್ಕಾರಗಳು.

ನೀನು ಕೊಣನೂರಿನಿಂದ ಕಳಿಸಿದ ಅರಳು ಸಂಡಿಗೆಯೂ ಕಾಗದವೂ ಕೈಸೇರಿ ಬಹಳ ದಿನವಾಯಿತು. ಸಂಡಿಗೆ ತಿಂದು ಮುಗಿಸಿದಳು, ಕಾಗದಕ್ಕೆ ಮಾತ್ರ ಉತ್ತರವಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಬರೆಯಲು ಕೂತರೆ ಬರೀ ಅನುಮಾನವೇ ಬರುತ್ತಿತ್ತು. ಅದನ್ನು ನಿನ್ನವರೆಗೂ ಅಂಚೆಯಲ್ಲಿ ಕಳಿಸುವುದೇಕೆ ಎಂದು ಸುಮ್ಮನಿದ್ದೆ.

ನನ್ನ ಹೆದರಿಕೆ ಏನೆಂದು ನಿನಗೆ ಗೊತ್ತು. ಮದುವೆಯಾಗಿ ಒಂಬತ್ತು ವರ್ಷ, ಮಡಿಲು ಬರಿದು. ಇವರು ಇನ್ನೊಂದು ಮದುವೆ ಮಾಡಿಕೊಂಡರೆ ಬೇಡವೆನ್ನುವವರು ಈ ಊರಿನಲ್ಲಿ ಯಾರೂ ಇಲ್ಲ. ಹೀಗಿರುವಾಗ ದೀಪಾವಳಿಯಾದ ಮೇಲೆ ಇವರ ರೀತಿಯೇ ಬದಲಾಯಿತು. ಸಂಜೆಯಾದರೆ ಜವಳಿ ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ಮಾಯವಾಗುವುದು. ಬರುವಾಗ ಮೈಯೆಲ್ಲ ಬೆವರು, ಮುಖದಲ್ಲಿ ಮಾತ್ರ ಏನೋ ಸಂತೋಷ. ಎಲ್ಲಿಗೆ ಹೋಗಿದ್ದಿರಿ ಎಂದರೆ, ಇಲ್ಲೇ ಎನ್ನುತ್ತಿದ್ದರು. ಅತ್ತೆಯವರ ಹತ್ತಿರ ಹೇಳಿದರೆ, "ಗಂಡ್ಸು ಅಂದ್ಮೇಲೆ ನಾಕ್ ಕಡೆ ಓಯ್ತಾನೆ, ಬತ್ತಾನೆ ಕಣವ್ವ" ಎಂದು ಬತ್ತಿ ಹೊಸೆಯುವುದಕ್ಕೆ ಕೂತರು.

ಒಂದು ದಿನ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತ ಇವರು 'ಲವ್ ಆಲ್, ಲವ್ ಆಲ್' ಎಂದು ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಕಮಲಾಕ್ಷಮ್ಮ ಇಂಗ್ಲೀಷು ಸ್ವಲ್ಪ ಓದಿದವಳು. ಯಾವುದೋ ಪುಸ್ತಕದಲ್ಲಿ ಕಂಡ ಮಾತೆಂದು ಸುಳ್ಳು ಹೇಳಿ ಅರ್ಥ ಕೇಳಿದೆ. ಲವ್ ಅಂದರೆ ಪ್ರೀತಿ, ಆಲ್ ಅಂದರೆ ಎಲ್ಲರೂ ಎಂದಳು. ನಾನು ಒಬ್ಬಳ ಮೇಲೆ ಅನುಮಾನಪಟ್ಟಿದ್ದೆ. ಇವರು ನೋಡಿದರೆ ಎಲ್ಲರನ್ನೂ ಪ್ರೀತಿಸಲು ಹೊರಟಿದ್ದಾರಲ್ಲಾ ಎಂದು ಹೊಟ್ಟೆ ಉರಿದುಹೋಯಿತು. ನಗಬೇಡ.

ಆಮೇಲೆ ಹೋದ ವಾರ ಹೋಟೆಲಿನ ಗುಂಡಯ್ಯ ಮನೆಗೇ ಬಂದು, ಭಾನುವಾರ ಹಾಸನದಲ್ಲಿ ಅಲ್ಲಿಯವರ ಮೇಲೆ ಬ್ಯಾಡ್ಮಿಂಟನ್ ಪಂದ್ಯ, ನಮ್ಮೂರಿನ ತಂಡಕ್ಕೆ ಇವರೇ ಮುಖಂಡರು ಎಂದು ಹೇಳಿಹೋದ. ಇವರು ಕಳ್ಳನ ಹಾಗೆ ತಲೆ ತಗ್ಗಿಸಿದರು. ಮೂವತ್ತು ದಾಟಿದ ಗಂಡಸು ಉಣ್ಣೆಯ ಚೆಂಡು ಹೊಡೆಯಲು ಇಷ್ಟು ಕಳ್ಳತನ ಮಾಡುತ್ತಾನೆಯೇ? ನಾನು ನಂಬಲಿಲ್ಲ. ಇದು ಬೇರೇನನ್ನೋ ಮುಚ್ಚುವುದಕ್ಕೆ ಹೊದಿಸಿದ ನೆಪ ಎಂದುಕೊಂಡೆ.

ಅಷ್ಟರಲ್ಲಿ ಅತ್ತೆಯವರು ಹಾಸನಕ್ಕೆ ಹೋಗೋಣ, ನೀನೂ ಬಾ ಎಂದರು. ನನ್ನನ್ನು ಹೊಳೆಯ ದಂಡೆಗೂ ಒಬ್ಬಳನ್ನೇ ಕಳಿಸದವರು ರೈಲಿಗೆ ಕರೆಯುತ್ತಾರೆಂದರೆ ಆಶ್ಚರ್ಯವಾಗಲಿಲ್ಲವೇ? ಆಯಿತು. ಆದರೆ ಇವರನ್ನು ಕೈಯಾರೆ ಹಿಡಿಯಬಹುದೆಂದು ಹೊರಟೆ.

ಹಾಸನದಲ್ಲಿ ಅತ್ತೆಯ ದೂರದ ನೆಂಟರು ರುದ್ರಯ್ಯನವರ ಮನೆಗೆ ಹೋದೆವು. ಆಟದ ಬಯಲು ಅವರ ಜಗಲಿಯ ಎದುರಿಗೇ. ಹೆಂಗಸರೆಲ್ಲ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತೆವು. ನಾನು ಆಟ ನೋಡಲಿಲ್ಲ, ಅಕ್ಕ. ಜನರನ್ನು ನೋಡುತ್ತಿದ್ದೆ. ಇವರು ಯಾರ ಕಡೆ ಕಣ್ಣು ಹಾಯಿಸುತ್ತಾರೆ, ಇವರನ್ನು ಯಾರು ನೋಡುತ್ತಾರೆ ಎಂದು ಒಂದೊಂದೇ ಮುಖ ಹುಡುಕುತ್ತಿದ್ದೆ. ಆಗ ಬಲೆಯ ಪಕ್ಕದಲ್ಲಿ ಎತ್ತರದ ಪೀಠದ ಮೇಲೆ ಕೂತಿದ್ದ ಮುದಿ ಮೇಷ್ಟ್ರು 'ಲವ್ ಆಲ್' ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ಪಕ್ಕದಲ್ಲಿ ರುದ್ರಯ್ಯನವರ ಮಗಳು ಗಂಗಾಂಬಿಕೆ ಕೂತಿದ್ದಳು, ಹದಿನೇಳು ಹದಿನೆಂಟರ ಹುಡುಗಿ. ಅದೇನಮ್ಮ ಹಾಗಂದರೆ ಎಂದು ಮೆಲ್ಲಗೆ ಕೇಳಿದೆ. "ಸೊನ್ನೆ ಅಂತ ಕಣಕ್ಕ. ಇನ್ನೂ ಇಬ್ರುದೂ ಸೊನ್ನೆ" ಎಂದಳು.

ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಾಲ್ಕು ತಿಂಗಳು ನಾನು ಅನ್ನ ಬಿಟ್ಟು ಕೊರಗಿದ್ದು ಒಂದು ಸೊನ್ನೆಗೆ.

ಅಲ್ಲಿಂದ ಮುಂದೆ ಕಣ್ಣು ಬಿಟ್ಟು ನೋಡಿದೆ. ಚೆಂಡು ಬಲೆಗೆ ತಾಗಿದರೆ ಯಾರಿಗೆ ನಷ್ಟ, ಗೆರೆ ದಾಟಿದರೆ ಏನು, ಎಲ್ಲವನ್ನೂ ಆ ಹುಡುಗಿಯೇ ಹೇಳಿಕೊಟ್ಟಳು. ನಮ್ಮವರು ಐದು ಜನ. ಒಬ್ಬ ಗುಂಡಯ್ಯನ ತಮ್ಮ, ಒಬ್ಬ ಅಮಲ್ದಾರರ ಕಚೇರಿಯ ಗುಮಾಸ್ತ. ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಮೆತ್ತಗೆ ಮಾತಾಡುವ ನಮ್ಮ ಯಜಮಾನರು ಅಲ್ಲಿ ಹುಲಿಯ ಹಾಗೆ ಓಡಾಡುತ್ತಿದ್ದರು. ಮೊದಲನೆಯ ಆಟ ಸೋತರು, ಎರಡನೆಯದು ಗೆದ್ದರು. ಮೂರನೆಯದರಲ್ಲಿ ಕೊನೆಯವರೆಗೂ ಸರಿಸಮ. ಗಂಗಾಂಬಿಕೆ ನನ್ನ ಕೈ ಹಿಡಿದಳು, ನಾನು ಅವಳದು ಹಿಡಿದೆ. ಹಾಸನದವಳಾಗಿ ನಮ್ಮ ಕಡೆ ಏಕಮ್ಮ ಎಂದರೆ ಅವಳು ಸುಮ್ಮನೆ ನಕ್ಕಳು. ಕಡೆಯ ಚೆಂಡನ್ನು ಇವರು ಹಾರಿ ಹೊಡೆದರು. ಎದುರಿನವರು ಕದಲಲಿಲ್ಲ. ನಮ್ಮ ಕಡೆಯವರೆಲ್ಲ "ಷಡಕ್ಷರೀ" ಎಂದು ಕೂಗಿದರು. ನಾನೂ ಎದ್ದು ನಿಂತು ಕೂಗಿದೆ.

ಹೌದು, ಅದೇ ಹೆಸರು. ಒಂಬತ್ತು ವರ್ಷ ನಾಲಿಗೆಯ ಮೇಲೆ ತರದ ಹೆಸರನ್ನು ಅಷ್ಟು ಜನರ ನಡುವೆ ಕೂಗಿಬಿಟ್ಟೆ. ನನಗೆ ಆಟ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ಸಂತೋಷವೇ ಬೇರೆ. ವಾಪಸು ರೈಲಿನಲ್ಲಿ ಗೊತ್ತಿಲ್ಲದ ಹೆಂಗಸರೆಲ್ಲ ನನ್ನ ಗಲ್ಲ ಹಿಡಿದು ಮಾತಾಡಿಸಿದರು. ಊರಿನ ಸ್ಟೇಷನ್ನಿನಲ್ಲಿ ತಮಟೆ ಬಂದಿತ್ತು, ಗುಂಡಯ್ಯ ಸಿಕ್ಕಸಿಕ್ಕವರ ಬಾಯಿಗೆಲ್ಲ ಸಕ್ಕರೆ ಸುರಿದ. ಇಷ್ಟು ವರ್ಷ ಹೊಳೆನರಸೀಪುರವನ್ನು ಅವರ ಊರು ಎನ್ನುತ್ತಿದ್ದೆ. ಅಂದು ಮೊದಲ ಸಲ ನಮ್ಮೂರು ಎಂದೆ.

ಗಂಡನ ಹೆಸರು ಕೂಗಿದ್ದಕ್ಕೆ ಅತ್ತೆಯವರು ಜಾಡಿಸುತ್ತಾರೆಂದು ಕಾಯುತ್ತಿದ್ದೆ. ಬದಲಿಗೆ ಹಾಸನದ ಸ್ಟೇಷನ್ನಿನಲ್ಲಿ ಮಲ್ಲಿಗೆ ಕೊಂಡು ತಾವೇ ನನ್ನ ಮುಡಿಗಿಟ್ಟರು. ದಾರಿಯುದ್ದಕ್ಕೂ ಅದು ತಲೆಯ ಮೇಲೆ ಭಾರವೆನಿಸಿತು.

ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಚಿಕ್ಕಮ್ಮನ ಮುತ್ತು, ನೂರು ವರ್ಷ ಬಾಳಲಿ ಎಂಬ ಹರಕೆ.

ನಿನ್ನ ತಂಗಿ,
ಸುವರ್ಣ

ಬರೆಯದೆ ಮುಚ್ಚಬೇಕೆಂದಿದ್ದೆ, ಆಗಲಿಲ್ಲ: ಈ ದಿನ ಅತ್ತೆಯವರು ನನ್ನನ್ನು ಹತ್ತಿರ ಕೂರಿಸಿಕೊಂಡು, "ಆ ಗಂಗಾಂಬಿಕೆ ನಿಂಜೊತೆ ಒಂದ್ಕೊಂಡ್ ಓಯ್ತಾಳಾ, ಯೋಳವ್ವ. ನೀನ್ ಊಂ ಅಂದ್ರೇನೇ ಮುಂದಿನ್ ಮಾತು" ಎಂದರು. ರುದ್ರಯ್ಯನವರ ಮನೆಗೆ ನಾವು ಹೋದದ್ದು ಆಟ ನೋಡಲು ಅಲ್ಲವಂತೆ, ಹುಡುಗಿ ನೋಡಲಂತೆ. ಅವಳ ತಪ್ಪು ಏನಾದರೂ ಇದೆಯೇ ಎಂದು ಬೆಳಗಿನಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಒಳ್ಳೆಯ ಹುಡುಗಿ, ಅಕ್ಕ. ಇವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ತಿಳಿಯದು. ಗೆದ್ದ ಕೂಡಲೇ ಇವರು ಜಗಲಿಯ ಕಡೆ ತಿರುಗಿ ನಕ್ಕರು. ಅಷ್ಟು ಬಾಯಿತುಂಬ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನ್ನನ್ನು ನೋಡಿ ಎಂದುಕೊಂಡು ನಾನೂ ನಕ್ಕೆ. ಅವಳೂ ನಕ್ಕಳು. ಯಾರನ್ನು ನೋಡಿ ನಕ್ಕಿರಿ ಎಂದು ಕೇಳಲು ಎರಡು ಸಲ ಹೋಗಿ ಬಾಗಿಲಿನಿಂದಲೇ ಹಿಂತಿರುಗಿದೆ. ಇದಕ್ಕೆ ಉತ್ತರ ಬರೆಯಬೇಡ. ನೀನೇ ಬಾ.