ಹದಕ್ಕೆ ಮುಂಚೆ ಬರೆದ ಹೆಸರು

ತರೀಕೆರೆ
ಮಾಘ ಮಾಸ, ೧೯೧೪

ಚಿರಂಜೀವಿ ನಂಜುಂಡಪ್ಪನಿಗೆ ನಿನ್ನ ಮೇಷ್ಟ್ರು ತಿಮ್ಮರಾಯಪ್ಪನ ಆಶೀರ್ವಾದಗಳು.

ಕ್ಷೇಮ ಕೇಳಿ ಪತ್ರ ಆರಂಭಿಸುವ ಪದ್ಧತಿಯನ್ನು ಈ ಬಾರಿ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಲ್ಲವೆಂಬುದನ್ನು ಬಲ್ಲೆ. ಮಗಳು ತೀರಿಕೊಂಡ ಮೇಲೆ ನೀನು ಕಡೂರಿಗೆ ವರ್ಗ ಮಾಡಿಸಿಕೊಂಡು ಹೊರಟುಹೋದೆ. ಅಜ್ಜಂಪುರದ ತವರಿನಲ್ಲಿರುವ ಹೆಂಡತಿಯ ಮುಖವನ್ನು ಅಂದಿನಿಂದ ನೋಡಿಲ್ಲ. ರೈಲು ಹತ್ತುವಾಗ, “ನನ್ನ ಚಾಕು ನನ್ನ ಕೂಸನ್ನ ತಿಂದ್ಬಿಡ್ತು ಮೇಷ್ಟ್ರೇ” ಎಂದೆ. ಅದಕ್ಕೆ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ನಾವಿಬ್ಬರೂ ಕಮ್ಮಾರರಲ್ಲ. ನಾನು ಮಗ್ಗಿ ಹೇಳಿಕೊಡುವವನು, ನೀನು ರೈಲ್ವೆ ಗುಮಾಸ್ತ. ಆದರೂ ಭಾನುವಾರ ಬಂತೆಂದರೆ ನನ್ನ ಹಿತ್ತಿಲಿನಲ್ಲಿ ತಿದಿ ಒತ್ತುತ್ತಾ, ಸವೆದ ಉಕ್ಕಿನ ಅರಗಳನ್ನು ಕಾಯಿಸಿ ಚಾಕು ಮಾಡುವ ಹುಚ್ಚು ನಮಗೆ. “ಏನ್ ಮೇಷ್ಟ್ರೇ, ಸ್ಲೇಟು ಸಾಕಾಗಿ ಸುತ್ತಿಗೆ ಹಿಡಿದ್ರಾ?” ಎಂದು ಬೇಲಿಯಾಚೆಯಿಂದ ಯಾರಾದರೂ ನಕ್ಕರೆ, “ನೀವೂ ಬನ್ರೀ, ಮಸಿ ಬಳ್ಕೊಳ್ಳೋಕೆ ಫೀಜಿಲ್ಲ” ಎಂದು ತಿರುಗಿ ನಗುತ್ತಿದ್ದವನು ನೀನೇ. ನಿನ್ನ ಆ ನಗುವನ್ನು ಕೇಳುವುದಕ್ಕಾಗಿಯೇ ನಾನು ಕುಲುಮೆಗೆ ಇದ್ದಿಲು ತುಂಬುತ್ತಿದ್ದೆನೆಂದು ಈಗ ತಿಳಿಯುತ್ತದೆ.

ಬಾಣಂತಿಯ ದಿಂಬಿನಡಿ ರಕ್ಷೆಗೆಂದು ಇಡುವ ಕಬ್ಬಿಣ ನಿನ್ನ ಕೈಯದೇ ಆಗಬೇಕೆಂದು ನೀನು ಹಟ ಹಿಡಿದೆ. ಕೆಂಪಗೆ ಕಾದ ಅಲಗನ್ನು ಹೊಂಗೆ ಎಣ್ಣೆಯಲ್ಲಿ ಅದ್ದಿದೆ. ಹಾಗೆ ಅದ್ದಿದ ಉಕ್ಕು ಗಡಸು, ಆದರೆ ಗಾಜಿನಂಥದು; ಅದನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ, ಮೈಮೇಲೆ ಒಣಹುಲ್ಲಿನ ಬಣ್ಣ ಹರಿಯುವವರೆಗೆ ಕಾದು ಹದ ಇಳಿಸಬೇಕು. ನೀನು ಕಾಯಲಿಲ್ಲ. ಅಲಗನ್ನು ಉಜ್ಜಿ ಬೆಳಗಿಸಿ, ಜೇನುಮೇಣ ಬಳಿದು, ಸೂಜಿಯಿಂದ ಮೇಣವನ್ನು ಕೆರೆದು ಅಕ್ಷರ ಬರೆದೆ. ಮೈಲುತುತ್ತ, ಉಪ್ಪುಗಳನ್ನು ನಿಂಬೆರಸದಲ್ಲಿ ಕಲಸಿ ಅದರ ಮೇಲೆ ಮೆತ್ತಿದೆ. ತೊಳೆದಾಗ ಉಕ್ಕಿನಲ್ಲಿ ತಗ್ಗಾಗಿ ನಿಂತಿತ್ತು, ತೀರಿಹೋದ ನಿನ್ನ ತಾಯಿಯ ಹೆಸರು: ಕಾಮಾಕ್ಷಿ.

“ಹುಟ್ಟೋಕ್ ಮುಂಚೆ ಹೆಸರಿಡ್ಬಾರ್ದು ಕಣೋ” ಎಂದೆ ನಾನು.

“ಕಬ್ಬಿಣಕ್ಕಿಡ್ತಿದೀನಿ ಬಿಡಿ ಮೇಷ್ಟ್ರೇ. ಅವ್ವನೇ ಬತ್ತಾಳೆ, ನೋಡ್ತಿರಿ.”

“ಮೊದ್ಲು ಹದ ಇಳ್ಸೋ” ಎಂದು ನಾನೆಂದರೆ, “ಸಂಜೆ ಇಳಿಸ್ತೀನಿ” ಎಂದೆ ನೀನು. ಸಂಜೆಯೊಳಗೆ ಅಜ್ಜಂಪುರದಿಂದ ಆಳು ಬಂದ. ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿದೆ, ಹೆಣ್ಣು ಕೂಸು. ನೀನು ಅಲಗಿಗೆ ಹೇಗೋ ಹಿಡಿ ತುರುಕಿ, ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿದೆ.

ನಾಮಕರಣದ ದಿನ ಬರಲೇ ಇಲ್ಲ. ಹಾಸಿಗೆ ಕೊಡವುವಾಗ ಚಾಕು ಕಲ್ಲುಚಪ್ಪಡಿಯ ಮೇಲೆ ಬಿದ್ದು, ಹಿಡಿಯ ಬುಡಕ್ಕೆ ಮುರಿಯಿತು. ಅದೇ ದಿನ ಕೂಸು ಹೋಯಿತು. “ಬಾಣಂತಿ ಕೋಣೇಲಿ ಕಬ್ಣ ಮುರೀತಲ್ಲೋ!” ಎಂದು ನಿನ್ನ ಅತ್ತೆ ಎದೆ ಬಡಿದುಕೊಂಡರು. ನೀನು ನಂಬಿದೆ.

ಮಗೂ, ನಿನ್ನನ್ನು ಸಮಾಧಾನಪಡಿಸಲು ಸುಳ್ಳು ಹೇಳಲಾರೆ. ಚಾಕು ಮುರಿದದ್ದು ನಿನ್ನ ಅವಸರದಿಂದಲೇ. ಹದ ಇಳಿಸಿದ್ದರೆ ಅದು ಬಿದ್ದರೂ ಮುರಿಯುತ್ತಿರಲಿಲ್ಲ. ಅಷ್ಟು ತಪ್ಪನ್ನು ಹೊತ್ತುಕೋ. ಅದಕ್ಕಿಂತ ಹೆಚ್ಚಿನದನ್ನು ಹೊರುವ ಅಧಿಕಾರ ನಿನಗಿಲ್ಲ. ಹೋದ ವಾರ ಅಜ್ಜಂಪುರಕ್ಕೆ ಹೋಗಿ ಸೂಲಗಿತ್ತಿ ಕೆಂಚಮ್ಮನನ್ನು ಕೇಳಿದೆ. “ಅಂಗೈಯಷ್ಟಿತ್ತು ಕಣ್ರೀ ಕೂಸು. ಹಿಂದಿನ ಸಂಜೇನೇ ಮೊಲೆ ಬಿಟ್ಬಿಟ್ಟಿತ್ತು, ಮೈ ತಣ್ಣಗಾಗ್ತಾ ಬಂದಿತ್ತು. ಚಾಕು ಬಿದ್ದಿದ್ದು ಆಮ್ಯಾಕೆ. ಅದ್ರ ಪಾಡಿಗೆ ಅದು, ಇದ್ರ ಪಾಡಿಗೆ ಇದು” ಎಂದಳು. ಉಕ್ಕು ಮುರಿಯುವುದಕ್ಕೆ ಒಂದು ಕಾರಣ, ಉಸಿರು ನಿಲ್ಲುವುದಕ್ಕೆ ಇನ್ನೊಂದು. ನಿನ್ನ ದುಃಖ ಅವೆರಡನ್ನೂ ಒಟ್ಟಿಗೆ ಬೆಸೆದಿದೆ.

ಹೊರಡುವ ಹೊತ್ತಿಗೆ ನಿನ್ನ ಹೆಂಡತಿ ಶಂಕರಮ್ಮ ಬಂದಳು. ಬಹಳ ಇಳಿದುಹೋಗಿದ್ದಾಳೆ. ತಿಪ್ಪೆಗೆ ಎಸೆದಿದ್ದ ಅಲಗನ್ನು ಯಾರಿಗೂ ಕಾಣದಂತೆ ಆರಿಸಿ ತಂದು, ಸೀರೆಯ ಚೂರಿನಲ್ಲಿ ಸುತ್ತಿಟ್ಟುಕೊಂಡಿದ್ದಳು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದೆಂದು ನನ್ನ ಮುಂದೆ ನೆಲದ ಮೇಲಿಟ್ಟಳು.

“ಇದ್ರಾಗೆ ಏನೋ ಬರ್ದವ್ರೆ ಮೇಷ್ಟ್ರೇ. ನಂಗೆ ಓದಕ್ ಬರಾಕಿಲ್ಲ.”

ಅವಳ ಬೆರಳನ್ನು ಒಂದೊಂದೇ ಅಕ್ಷರದ ತಗ್ಗಿನಲ್ಲಿ ನಡೆಸಿ ಓದಿ ಹೇಳಿದೆ. ಮತ್ತೊಮ್ಮೆ ತಾನೇ ಆ ತಗ್ಗುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, “ಹಂಗಾರೆ ನಮ್ ಕೂಸಿಗೆ ಹೆಸ್ರಿತ್ತು” ಎಂದಳು. “ಇಷ್ಟ್ ದಿನ ಏನಂತ ಕರೆದು ಅಳೋದು ಅಂತಾನೇ ತಿಳೀದೆ ಸುಮ್ಕಿದ್ದೆ.”

ನಂಜುಂಡಪ್ಪ, ನಾನು ಆ ಮನೆಯ ಜಗುಲಿ ಇಳಿಯುವಾಗ ಒಳಗಿನಿಂದ ಅವಳು ಆ ಹೆಸರು ಹಿಡಿದು ಕರೆದು ಅಳುತ್ತಿದ್ದುದು ಕೇಳಿಸಿತು. ಒಬ್ಬಳೇ ಕರೆಯುತ್ತಿದ್ದಳು. ಆ ಹೆಸರನ್ನು ಇಟ್ಟವನು ನೀನು.

ನಾಳೆಯ ಗಾಡಿಗೇ ಹೊರಡು. ನಿಮ್ಮಿಬ್ಬರಿಗೂ ಒಂದೇ ಸೂರಿನ ಕೆಳಗೆ ಅಳುವ ಭಾಗ್ಯವನ್ನು ದೇವರು ಕೊಡಲಿ. ಮಿಕ್ಕದ್ದನ್ನು, ನಿಮ್ಮ ಮನೆಯಲ್ಲಿ ಮತ್ತೊಂದು ತೊಟ್ಟಿಲನ್ನು, ಅವನಲ್ಲಿ ಕೇಳಿಕೊಳ್ಳಲು ನನಗಿನ್ನೂ ಧೈರ್ಯ ಸಾಲದು.

ನಿನ್ನ ಶ್ರೇಯಸ್ಸನ್ನೇ ಬಯಸುವ,
ತಿಮ್ಮರಾಯಪ್ಪ